ಮೆದೆ ಹೋಯ್ತು, ರೋಲು ಬಂತು. ಹುಲ್ಲು ಯಾರ ಪಾಲು?

ಡಿಸೆಂಬರ್ ಕಳೆದು ಸಂಕ್ರಾಂತಿ ಹತ್ತಿರ ಬರುವ ಹೊತ್ತಿಗೆ ಮಂಡ್ಯದಿಂದ ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆ ಬಸ್ಸಿನಲ್ಲಿ ಓಡಾಡುವವರ ಕಣ್ಣಿಗೆ ಈಗ ಹೊಸದೊಂದು ನೋಟ ಬೀಳುತ್ತದೆ. ಕೊಯ್ಲಾದ ಗದ್ದೆ ಬಯಲಿನಲ್ಲಿ ಯಾರೋ ಡ್ರಮ್ಮುಗಳನ್ನು ಉರುಳಿಸಿ ಮರೆತು ಹೋದಂತೆ ಹುಲ್ಲಿನ ಉರುಟು ಕಟ್ಟುಗಳು ಬಿದ್ದಿರುತ್ತವೆ. ಮೊನ್ನೆ ನಾವು ಕೂತಿದ್ದ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗನೊಬ್ಬ ಕಿಟಕಿಗೆ ಮೂಗು ಒತ್ತಿಕೊಂಡು, “ಅಜ್ಜಿ, ಗದ್ದೆ ತುಂಬಾ ಹಾಸ್ಗೆ ಸುತ್ತಿ ಮಡಗವ್ರಲ್ಲ, ಯಾಕೆ?” ಎಂದು ಕೇಳಿದ.

ಅಜ್ಜಿ ನಗಲಿಲ್ಲ. “ಹಾಸ್ಗೆ ಅಲ್ಲ ಕಣ್ಮಗ, ಹುಲ್ಲು ಅದು. ಮೊದ್ಲು ಕೇಳಿದ್ರೆ ಕೊಡೋರು. ಈಗ ದುಡ್ ಕೊಟ್ರೆ ಮಾತ್ರ ಹುಲ್ಲು,” ಎಂದರು.

ಕಂಡಕ್ಟರು ಸೀಟಿ ಊದಿದ, ಬಸ್ಸು ಮುಂದೆ ಹೋಯಿತು. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ಅಜ್ಜಿಯ ಎರಡು ಮಾತಿನಲ್ಲಿ ಒಂದು ಜಿಲ್ಲೆಯ ಹೈನುಗಾರಿಕೆಯ ಲೆಕ್ಕವೇ ಅಡಗಿದೆ ಅನ್ನಿಸಿತು. ಮಾರನೆಯ ದಿನ ಅದೇ ದಾರಿಯಲ್ಲಿ ನಡುವೆ ಇಳಿದು, ನಾಲೆ ಏರಿಯ ಮೇಲೆ ಒಂದು ಮೈಲಿ ನಡೆದು, ಟ್ರ್ಯಾಕ್ಟರಿನ ಸದ್ದು ಬರುತ್ತಿದ್ದ ಗದ್ದೆಗೇ ಹೋದೆವು. ಅಲ್ಲಿ ಕಂಡದ್ದು, ಕೇಳಿದ್ದು, ಮನೆಗೆ ಬಂದು ಕೂತು ಲೆಕ್ಕ ಹಾಕಿದ್ದು, ಎಲ್ಲವನ್ನೂ ಈ ಸಂಜೆ ಓದುಗರ ಮುಂದೆ ಇಡುತ್ತಿದ್ದೇವೆ.

ಮೆದೆ ಇದ್ದ ಕಾಲ

ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಊರುಗಳಲ್ಲಿ ಹಿಂದೆ ಭತ್ತದ ಕೊಯ್ಲು ಎಂದರೆ ತಿಂಗಳ ಕೆಲಸ. ಕುಡುಗೋಲು ಹಿಡಿದು ಕೊಯ್ಯುವುದು, ಅರಿ ಹಾಕುವುದು, ಒಣಗಿದ ಮೇಲೆ ಹೊರೆ ಕಟ್ಟಿ ಕಣಕ್ಕೆ ಹೊರುವುದು, ಬಡಿಯುವುದು, ಉಳಿದದ್ದನ್ನು ದನ ಕಟ್ಟಿ ತುಳಿಸುವುದು. ಕಾಳು ಪಣತಕ್ಕೆ, ಹುಲ್ಲು ಮೆದೆಗೆ. ಮೆದೆ ಹಾಕುವುದು ಎಲ್ಲರಿಗೂ ಬರುವ ವಿದ್ಯೆಯಾಗಿರಲಿಲ್ಲ. ಕೆಳಗೆ ಕಲ್ಲೋ ಸೌದೆಯೋ ಹರವಿ, ನೆಲದ ಶೀತ ತಾಗದ ಹಾಗೆ ಮಾಡಿ, ಸುತ್ತಲೂ ಸಮನಾಗಿ ಏರಿಸಿಕೊಂಡು ಹೋಗಿ, ನೆತ್ತಿಯನ್ನು ಗುಡಿಸಲಿನ ಹಾಗೆ ಇಳಿಜಾರು ಮಾಡಬೇಕು. ಹೀಗೆ ಹಾಕಿದ ಮೆದೆಯ ಮೇಲೆ ಒಂದು ಮಳೆಗಾಲ ಕಳೆದರೂ ಒಳಗಿನ ಹುಲ್ಲು ಹೊಂಬಣ್ಣದಲ್ಲೇ ಇರುತ್ತಿತ್ತು. ಹೆಣ್ಣು ಕೊಡಲು ಬಂದವರು ಮನೆಯ ಮುಂದಿನ ಮೆದೆಯ ಎತ್ತರ ನೋಡಿ ಮಾತಿಗೆ ಕೂರುತ್ತಿದ್ದರು ಎಂಬುದು ಹಳಬರ ಮಾತು.

ಆ ಕೊಯ್ಲಿನಲ್ಲಿ ಇನ್ನೊಂದು ಸಂಗತಿ ಇತ್ತು. ಕೊಯ್ಯಲು, ಬಡಿಯಲು ಬಂದ ಆಳುಗಳು ಕೂಲಿಯ ಜೊತೆ ಒಂದು ಹೊರೆ ಹುಲ್ಲನ್ನೂ ಹೊತ್ತುಕೊಂಡು ಹೋಗುತ್ತಿದ್ದರು. ಅದಕ್ಕೆ ಚೀಟಿಯಿಲ್ಲ, ರಸೀತಿಯಿಲ್ಲ. ಗದ್ದೆ ಇಲ್ಲದವರ ಕೊಟ್ಟಿಗೆಯಲ್ಲೂ ಒಂದು ಹಸು ನಿಂತಿರುತ್ತಿದ್ದುದು ಆ ಹೊರೆಯ ಬಲದ ಮೇಲೆ.

ಆಮೇಲೆ ಆಳು ಸಿಗುವುದು ಕಷ್ಟವಾಯಿತು. ಕೊಯ್ಲು ಯಂತ್ರ ಬಂತು. ತಮಿಳುನಾಡಿನ ಕಡೆಯಿಂದಲೂ ಲಾರಿ ಮೇಲೆ ಏರಿಕೊಂಡು ಬರುವ ಚೈನ್ ಮಿಷನ್ನುಗಳು ತಿಂಗಳ ಕೆಲಸವನ್ನು ಗಂಟೆಯಲ್ಲಿ ಮುಗಿಸಿದವು. ಭತ್ತ ನೇರವಾಗಿ ಚೀಲಕ್ಕೆ ಬಿತ್ತು. ಹುಲ್ಲು ಮಾತ್ರ ಗದ್ದೆಯಲ್ಲೇ ಸಾಲು ಸಾಲಾಗಿ ಬಿದ್ದುಕೊಂಡಿತು. ಅದನ್ನು ಬಾಚಿ, ಕಟ್ಟಿ, ಹೊರಲು ಆಳು ಹಿಡಿದರೆ ಕೂಲಿಯೇ ಹುಲ್ಲಿನ ಬೆಲೆಯನ್ನು ಮೀರುತ್ತಿತ್ತು. ಕೆಲವರು ದನ ಬಿಟ್ಟು ಮೇಯಿಸಿದರು, ಕೆಲವರು ಹಾಗೇ ಉತ್ತರು, ಇನ್ನು ಕೆಲವರು ಕಡ್ಡಿ ಗೀರಿ ಕೈ ತೊಳೆದುಕೊಂಡರು. ಬೇಲರ್ ಎಂಬ ಹುಲ್ಲು ಸುತ್ತುವ ಯಂತ್ರಕ್ಕೆ ದಾರಿ ಮಾಡಿಕೊಟ್ಟದ್ದು ಈ ತೊಂದರೆಯೇ.

ಚಾಪೆ ಸುತ್ತಿದ ಹಾಗೆ

ನಾವು ಹೋದ ಗದ್ದೆಯಲ್ಲಿ ಟ್ರ್ಯಾಕ್ಟರು ನಿಧಾನವಾಗಿ ಹುಲ್ಲಿನ ಸಾಲಿನ ಮೇಲೆ ಹೋಗುತ್ತಿತ್ತು. ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ. ಅದರ ಮುಂಬದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ತಂತಿಗಳು ತಿರುಗುತ್ತಾ ಹುಲ್ಲನ್ನು ನೆಲದಿಂದ ಎತ್ತಿ ಒಳಗೆ ಕೊಡುತ್ತವೆ. ಒಳಗೆ ಸುತ್ತಲೂ ರೋಲರುಗಳಿವೆ. ಹುಲ್ಲು ಅವುಗಳ ನಡುವೆ ಚಾಪೆ ಸುತ್ತಿದ ಹಾಗೆ ಸುತ್ತಿಕೊಳ್ಳುತ್ತಾ ಬಿಗಿಯಾಗುತ್ತದೆ. ಪೆಟ್ಟಿಗೆ ತುಂಬಿದ ಕೂಡಲೇ ಡ್ರೈವರು ಗಾಡಿ ನಿಲ್ಲಿಸುತ್ತಾನೆ, ಆದರೆ ಯಂತ್ರ ತಿರುಗುತ್ತಲೇ ಇರುತ್ತದೆ. ದಾರ ಒಳಗೆ ಹೋಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತು ಹಾಕುತ್ತದೆ, ಕತ್ತರಿಸಿಕೊಳ್ಳುತ್ತದೆ. ಹಿಂದಿನ ಬಾಗಿಲು ತೆರೆದರೆ ರೋಲು ದೊಪ್ಪನೆ ಗದ್ದೆಗೆ ಬೀಳುತ್ತದೆ. ಬಾಗಿಲು ಮುಚ್ಚಿತು, ಗಾಡಿ ಮುಂದೆ ಹೊರಟಿತು. ಒಂದೆರಡು ನಿಮಿಷದಲ್ಲಿ ಒಂದು ರೋಲು.

ಸಣ್ಣ ಯಂತ್ರದ ರೋಲು ಅಂದಾಜು ಎರಡು ಅಡಿ ದಪ್ಪ, ಮೂರು ಅಡಿ ಉದ್ದ. ಹುಲ್ಲಿನ ಒಣಗು, ಬಿಗಿ ನೋಡಿಕೊಂಡು ತೂಕ 15 ಕಿಲೋ ಆಸುಪಾಸು. ಒಬ್ಬ ಹೆಂಗಸು ಎತ್ತಿ ತಲೆಯ ಮೇಲೆ ಇಟ್ಟುಕೊಳ್ಳಬಹುದಾದಷ್ಟು. ನಮ್ಮ ಕಡೆ ಇದು ನಡೆಯುವುದಕ್ಕೆ ಈ ಗಾತ್ರವೇ ಕಾರಣ ಅನ್ನಬೇಕು.

ಇದು ನಿನ್ನೆ ಮೊನ್ನೆಯ ಬುದ್ಧಿಯೇನೂ ಅಲ್ಲ. ಅಮೆರಿಕದ ನೆಬ್ರಾಸ್ಕದ ಲ್ಯೂಬೆನ್ ಎಂಬ ರೈತ 1910ರಲ್ಲೇ ಹುಲ್ಲನ್ನು ಉರುಟಾಗಿ ಸುತ್ತುವ ಯಂತ್ರಕ್ಕೆ ಪೇಟೆಂಟು ಪಡೆದಿದ್ದ. ಅದೇ ಬುದ್ಧಿಯನ್ನು ಆಲಿಸ್ ಚಾಲ್ಮರ್ಸ್ ಕಂಪನಿ 1947ರಲ್ಲಿ ರೋಟೋ ಬೇಲರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆಳೆತ್ತರದ ದೊಡ್ಡ ರೋಲು ಸುತ್ತುವ ಯಂತ್ರ ಬಂದದ್ದು 1970ರ ದಶಕದ ಆರಂಭದಲ್ಲಿ, ಅಯೋವ ರಾಜ್ಯದ ವರ್ಮೀರ್ ಕಂಪನಿಯಿಂದ. ಆ ದೊಡ್ಡ ರೋಲನ್ನು ಎತ್ತಲು ಇನ್ನೊಂದು ಟ್ರ್ಯಾಕ್ಟರೇ ಬೇಕು. ನಮ್ಮ ಇಪ್ಪತ್ತು ಗುಂಟೆ, ಮೂವತ್ತು ಗುಂಟೆ ಗದ್ದೆಗಳಿಗೆ ಅದು ಸಲ್ಲದು. ಇಲ್ಲಿಗೆ ಒಗ್ಗಿದ್ದು ಹಳೆಯ ಸಣ್ಣ ಸುರುಳಿಯೇ.

ಸಣ್ಣ ಟ್ರ್ಯಾಕ್ಟರಿನ ಸಂಕಟ

“ನನ್ನ ಹತ್ರ ಸಣ್ಣ ಟ್ರ್ಯಾಕ್ಟರ್ ಅದೆ, ನಾನೂ ಒಂದು ಬೇಲರ್ ತಗಂಡು ಬಾಡಿಗೆ ಹೊಡಿಬೋದಾ?” ಇದು ಊರೂರಿನ ಹುಡುಗರ ಪ್ರಶ್ನೆ. ನಾವು ಕಂಡ ಡ್ರೈವರು ಸ್ವಂತ ಗಾಡಿಯವನೇ. ಮೊದಲು ತೋಟಕ್ಕೆಂದು ತಂದ ಸಣ್ಣ ಟ್ರ್ಯಾಕ್ಟರಿಗೆ ಯಾರದೋ ಬೇಲರನ್ನು ಸಿಕ್ಕಿಸಿ ನೋಡಿ, ಪಾಠ ಕಲಿತು, ಆಮೇಲೆ ಗಾಡಿ ಬದಲಾಯಿಸಿದವನು.

“ಎಳಿಯದೇನೋ ಎಳಿತದೆ ಸಾರ್. ತಿರುಗ್ಸದು ಕಷ್ಟ. ರೋಲು ಮುಕ್ಕಾಲು ತುಂಬೋವರ್ಗೂ ಸುಮ್ನಿರ್ತದೆ. ಕೊನೆ ಸುತ್ತಲ್ಲಿ ಎಂಜಿನ್ ಗೊರ ಗೊರ ಅಂತದೆ. ಅಲ್ಲಿಗೆ ಬಿಗಿನೂ ಬರಲ್ಲ, ದಾರನೂ ಸರಿಯಾಗಿ ಸುತ್ತಲ್ಲ,” ಎಂದ.

ಅವನ ಮಾತನ್ನು ಬಿಡಿಸಿ ಹೇಳಬೇಕು. ಬೇಲರಿಗೆ ಶಕ್ತಿ ಹೋಗುವುದು ಟ್ರ್ಯಾಕ್ಟರಿನ ಹಿಂದಿನ ಪಿ.ಟಿ.ಒ. ದಂಡದಿಂದ. ಆ ದಂಡ ನಿಮಿಷಕ್ಕೆ 540 ಸುತ್ತು ತಿರುಗಬೇಕು ಎಂಬುದು ಕಟ್ಟಳೆ. ಸುತ್ತು ಬಿದ್ದುಹೋದರೆ ಹುಲ್ಲು ಮುದ್ದೆಯಾಗಿ ಸಿಕ್ಕಿಕೊಳ್ಳುತ್ತದೆ. ಸಣ್ಣ ಉರುಟು ಬೇಲರಿಗೆ ಸಾಮಾನ್ಯವಾಗಿ 30, 35 ಕುದುರೆ ಶಕ್ತಿ ಮೇಲ್ಪಟ್ಟ ಗಾಡಿ ಬೇಕಾಗುತ್ತದೆ. ಯಂತ್ರದ ಪಟ್ಟಿಯ ಮೇಲೆ ಎಷ್ಟು ಬರೆದಿದೆಯೋ ಅದನ್ನು ಓದಿ, ಅದಕ್ಕಿಂತ ಸ್ವಲ್ಪ ಜಾಸ್ತಿಯದೇ ಗಾಡಿ ಇದ್ದರೆ ಕ್ಷೇಮ.

ಎರಡನೆಯದು ಕ್ಲಚ್ಚಿನ ಮಾತು. ದಾರ ಸುತ್ತುವಾಗ ಗಾಡಿ ನಿಲ್ಲಬೇಕು, ಪಿ.ಟಿ.ಒ. ಮಾತ್ರ ತಿರುಗುತ್ತಿರಬೇಕು. ಎರಡು ಹಂತದ ಕ್ಲಚ್ಚಿನ ಗಾಡಿಯಲ್ಲಿ ಅರ್ಧ ಒತ್ತಿದರೆ ಚಕ್ರ ನಿಲ್ಲುತ್ತದೆ, ದಂಡ ನಿಲ್ಲುವುದಿಲ್ಲ. ಹಳೆಯ ಒಂಟಿ ಕ್ಲಚ್ಚಿನ ಗಾಡಿಯಲ್ಲಿ ಒತ್ತಿದ ಕೂಡಲೇ ಎರಡೂ ನಿಲ್ಲುತ್ತವೆ. ಆಗ ಗೇರು ನ್ಯೂಟ್ರಲ್ಲಿಗೆ ಹಾಕಿ, ಮತ್ತೆ ಕ್ಲಚ್ಚು ಬಿಟ್ಟು, ದಾರ ಸುತ್ತಿಸಿ, ಮತ್ತೆ ಒತ್ತಿ ಗೇರು ಹಾಕಬೇಕು. ಪ್ರತಿ ರೋಲಿಗೂ ಈ ಸರ್ಕಸ್ಸು. ದಿನಕ್ಕೆ ಇನ್ನೂರು ರೋಲು ಮಾಡುವವನ ಎಡಗಾಲು ಸಂಜೆಗೆ ಅವನದಾಗಿರುವುದಿಲ್ಲ.

ಮೂರನೆಯದು ತೂಕ. ಸಣ್ಣ ಬೇಲರು ಎಂದರೂ ಅರ್ಧ ಟನ್ನಿನ ಸುಮಾರು ತೂಗುವ ಕಬ್ಬಿಣ. ಹಗುರ ಟ್ರ್ಯಾಕ್ಟರಿಗೆ ಅದನ್ನು ಬದು ಹತ್ತಿಸಿದರೆ ಮುಂದಿನ ಚಕ್ರ ಎದ್ದೇಳುತ್ತದೆ. ಒದ್ದೆ ಗದ್ದೆಯಲ್ಲಿ ಇಳಿಸಿದರೆ ಕೊಚ್ಚೆಯಲ್ಲಿ ಕೂತುಬಿಡುತ್ತದೆ. ನೀರು ಬಸಿದು, ಹೆಜ್ಜೆ ಇಟ್ಟರೆ ಹಿಮ್ಮಡಿ ಹೂಳದಷ್ಟು ಗಟ್ಟಿಯಾದ ಮೇಲೆಯೇ ಇಳಿಸಬೇಕು.

ನಾಲ್ಕನೆಯದು ಧೂಳು. ಹುಲ್ಲಿನ ಪುಡಿ ರೇಡಿಯೇಟರಿನ ಜಾಲರಿಗೆ ಕಂಬಳಿ ಹೊದಿಸಿದ ಹಾಗೆ ಕೂತುಕೊಳ್ಳುತ್ತದೆ. ಗಾಳಿ ಆಡದೆ ಎಂಜಿನ್ ಕಾದುಹೋಗುತ್ತದೆ. ಊಟಕ್ಕೆ ನಿಲ್ಲಿಸಿದಾಗಲೆಲ್ಲ ಅದನ್ನು ಕೊಡವಬೇಕು, ಏರ್ ಫಿಲ್ಟರ್ ನೋಡಬೇಕು, ಬೇರಿಂಗಿಗೆ ಗ್ರೀಸು ತುಂಬಬೇಕು. “ಗ್ರೀಸಿಗೆ ಜಿಪುಣತನ ಮಾಡ್ದೋನು ಬೇರಿಂಗಿಗೆ ದುಡ್ ಕೊಡ್ತಾನೆ,” ಎಂಬುದು ಡ್ರೈವರನ ಗಾದೆ. ನಮಗೂ ಸರಿ ಅನ್ನಿಸಿತು.

ಹದ ತಪ್ಪಿದರೆ ಬೂಷ್ಟು

ಹುಲ್ಲು ಸುತ್ತುವುದಕ್ಕೂ ಒಂದು ಹದವಿದೆ. ಹಸಿ ಹುಲ್ಲನ್ನು ಬಿಗಿಯಾಗಿ ಸುತ್ತಿದರೆ ಒಳಗೆ ಗಾಳಿಯಾಡದೆ ಕಾವು ಏರುತ್ತದೆ. ವಾರ ಕಳೆದು ಬಿಡಿಸಿದರೆ ಬಿಳಿ ಬೂಷ್ಟು, ಮುಗ್ಗಲು ವಾಸನೆ. ದನ ಮೂಸಿ ಮುಖ ತಿರುಗಿಸುತ್ತದೆ. ಹಸಿದು ತಿಂದರೆ ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಆ ಧೂಳು ದಿನವೂ ಕುಡಿದ ಮನುಷ್ಯನ ಎದೆಗೂ ಒಳ್ಳೆಯದಲ್ಲ. ಬೂಷ್ಟು ಹಿಡಿದ ಹುಲ್ಲಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ ವೈದ್ಯರು ರೈತನ ಹೆಸರನ್ನೇ ಇಟ್ಟಿದ್ದಾರೆ. ಕಾವು ತೀರಾ ಏರಿದರೆ ರಾಶಿ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು.

ಹಾಗಾಗಿ ಕೊಯ್ಲು ಮಿಷನ್ನು ಹೋದ ಮೇಲೆ ಎರಡು ಮೂರು ಬಿಸಿಲು ಕಾಣಿಸಬೇಕು. ತೇವಾಂಶ ನೂರಕ್ಕೆ 15ರ ಹತ್ತಿರಕ್ಕೆ ಇಳಿಯಬೇಕು. ಅಳೆಯಲು ಯಂತ್ರ ಬೇಕಿಲ್ಲ. ಒಂದು ಹಿಡಿ ಹುಲ್ಲು ತೆಗೆದು ಹಗ್ಗದಂತೆ ಹೊಸೆಯಿರಿ. ಪಟ್ ಪಟ್ ಎಂದು ಮುರಿದರೆ ಒಣಗಿದೆ. ಬಳುಕಿ ಕೈಗೆ ತಣ್ಣಗಾದರೆ ಇನ್ನೊಂದು ದಿನ ಬಿಡಿ. ಬೆಳಿಗ್ಗೆಯ ಇಬ್ಬನಿ ಆರುವ ಮೊದಲು ಗಾಡಿ ಇಳಿಸಬೇಡಿ.

ಆದರೆ ಇಲ್ಲಿಯೇ ಜಗಳ ಹುಟ್ಟುವುದು. ಮಿಷನ್ನಿನವನಿಗೆ ಹತ್ತು ಗದ್ದೆ ಕಾದಿರುತ್ತವೆ. ಮೋಡ ಕಂಡರೆ ರೈತನ ಎದೆ ಹೊಡೆದುಕೊಳ್ಳುತ್ತದೆ. ಒಂದು ಮಳೆ ಬಿದ್ದರೆ ಹುಲ್ಲು ಕಪ್ಪಾಗಿ ಅರ್ಧ ಬೆಲೆಗೆ ಬರುತ್ತದೆ. ದೊಡ್ಡ ಹಿಡುವಳಿಯವರ ಗದ್ದೆ ಮೊದಲು, ಅರ್ಧ ಎಕರೆಯವನ ಗದ್ದೆ ಕೊನೆಗೆ. ಇದು ಯಾರೂ ಬರೆದಿಟ್ಟ ಕಾನೂನಲ್ಲ. ಆದರೆ ಎಲ್ಲ ಊರಲ್ಲೂ ನಡೆಯುವ ಪದ್ಧತಿ.

ಹುಲ್ಲಿಗೆ ಕಾಲು ಬಂತು

ಈಗ ಬಸ್ಸಿನ ಅಜ್ಜಿಯ ಮಾತಿಗೆ ಬರೋಣ. ಬಿಡಿ ಹುಲ್ಲು ಜಾಗ ತಿನ್ನುತ್ತದೆ, ತೂಗುವುದಿಲ್ಲ. ಗಾಡಿ ತುಂಬಾ ಹೇರಿದರೂ ಪಕ್ಕದ ಊರು ದಾಟುವಷ್ಟರಲ್ಲಿ ಬಾಡಿಗೆ ಬೆಲೆಯನ್ನು ನುಂಗುತ್ತಿತ್ತು. ಹಾಗಾಗಿ ಊರ ಹುಲ್ಲು ಊರಲ್ಲೇ ಉಳಿಯುತ್ತಿತ್ತು. ಇದ್ದವನು ಇಲ್ಲದವನಿಗೆ ಕೊಡುತ್ತಿದ್ದ. ಸುರುಳಿಯಾದ ಮೇಲೆ ಅದೇ ಲಾರಿಗೆ ಎಷ್ಟೋ ಪಾಲು ಹೆಚ್ಚು ಹುಲ್ಲು ಹಿಡಿಯುತ್ತದೆ. ಎಣಿಸಬಹುದು, ದರ ಕಟ್ಟಬಹುದು, ಫೋನಿನಲ್ಲೇ ವ್ಯಾಪಾರ ಮುಗಿಸಬಹುದು. ಹುಲ್ಲಿಗೆ ಕಾಲು ಬಂತು ಅನ್ನಿ. ಆ ಕಾಲು ಮಲೆನಾಡಿಗೂ ನಡೆಯಿತು, ಘಟ್ಟ ಇಳಿದು ಕೇರಳಕ್ಕೂ ನಡೆಯಿತು.

ಇದರಿಂದ ಗದ್ದೆಯವನಿಗೆ ಲಾಭವಿಲ್ಲವೆಂದಲ್ಲ. ಸುಡುತ್ತಿದ್ದ ಹುಲ್ಲಿಗೆ ಕಾಸು ಬಂದರೆ ಯಾರು ಬೇಡ ಅನ್ನುತ್ತಾರೆ? ನಾವು ಕಂಡ ಗದ್ದೆಯ ಗೌಡರೊಬ್ಬರು ನೇರವಾಗಿಯೇ ಹೇಳಿದರು: “ಭತ್ತದಲ್ಲಿ ಕೈಗೆ ಏನೂ ಉಳಿಯಲ್ಲ ಸ್ವಾಮಿ. ಗೊಬ್ಬರದಂಗಡಿ ಬಾಕಿ ತೀರ್ಸೋದು ಈ ಹುಲ್ಲು. ಧರ್ಮಕ್ಕೆ ಕೊಡು ಅಂದ್ರೆ ನಮ್ಮ ಬಾಕಿನೂ ಧರ್ಮಕ್ಕೆ ಬಿಡ್ತಾರಾ?” ಉತ್ತರ ನಮ್ಮ ಹತ್ತಿರ ಇರಲಿಲ್ಲ.

ಆದರೆ ಅದೇ ಗದ್ದೆಯ ಬದುವಿನಲ್ಲಿ ಒಬ್ಬ ಹೆಂಗಸು ಕುಡುಗೋಲು ಹಿಡಿದು, ಯಂತ್ರ ಬಿಟ್ಟ ಕೂಳೆಯನ್ನು ಕೊಯ್ದುಕೊಳ್ಳುತ್ತಿದ್ದರು. ಗದ್ದೆಯಿಲ್ಲ, ಎರಡು ಸೀಮೆ ಹಸುಗಳಿವೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ಮಗಳನ್ನು ಮಂಡ್ಯದ ಕಾಲೇಜಿಗೆ ಕಳಿಸುತ್ತಿದ್ದಾರೆ.

“ಏನವ್ವಾ, ರೋಲು ತಗೊಳ್ಳೋದಿಲ್ವಾ?” ಎಂದು ಕೇಳಿದೆವು.

“ತಗೋತೀನಿ ಕಣಣ್ಣ. ಹತ್ತು ಇಪ್ಪತ್ತು ತಗೋಬೋದು. ವರ್ಸಕ್ಕಾಗೋವಷ್ಟು ಒಂದೇ ಸಲ ಕೊಳ್ಳೋಕೆ ದುಡ್ ಎಲ್ಲಿಂದ ತರ್ಲಿ? ಲಾರಿಯೋರು ಗದ್ದೆಗದ್ದೆನೇ ಮಾತಾಡ್ಕೊಂಡು ಹೋಗ್ಬುಡ್ತಾರೆ. ಬೇಸ್ಗೇಲಿ ಕೇಳುದ್ರೆ ಅದೇ ಹುಲ್ಲು ಎರಡ್ ರೇಟು,” ಎಂದರು.

ಅವರ ಲೆಕ್ಕವನ್ನು ನಾವು ಕಾಗದದ ಮೇಲೆ ಹಾಕಿದೆವು. ಒಂದು ಹಸುವಿಗೆ ದಿನಕ್ಕೆ 6 ಕಿಲೋ ಒಣಹುಲ್ಲು ಎಂದು ಇಟ್ಟುಕೊಂಡರೆ ವರ್ಷಕ್ಕೆ 2,190 ಕಿಲೋ. ರೋಲಿಗೆ 15 ಕಿಲೋದಂತೆ 146 ರೋಲು. ಎರಡು ಹಸುವಿಗೆ 292. ದರ ಊರಿಗೊಂದು, ವಾರಕ್ಕೊಂದು. ಲೆಕ್ಕಕ್ಕೆಂದು ರೋಲಿಗೆ 40 ರೂಪಾಯಿ ಹಿಡಿದರೂ 11,680 ರೂಪಾಯಿ ಆಯಿತು. ಬೇಸಿಗೆಯಲ್ಲಿ ಅದೇ ದುಪ್ಪಟ್ಟಾದರೆ 23,360. ಸುಗ್ಗಿಯಲ್ಲಿ ಕೈಯಲ್ಲಿ ಹಣವಿದ್ದವರಿಗೆ ಒಂದು ಬೆಲೆ, ಇಲ್ಲದವರಿಗೆ ಎರಡು ಬೆಲೆ. ಹಿಂದೆ ತಲೆಯ ಮೇಲೆ ಹೊತ್ತು ತಂದ ಹೊರೆಗೆ ಈ ಲೆಕ್ಕವೇ ಇರಲಿಲ್ಲ.

ಅಂಗಡಿಯವರು ಇದನ್ನು ಹಳ್ಳಿಯ ಮಾತು ಎಂದು ತಳ್ಳಿ ಹಾಕಬಾರದು. ಬಸ್ ಸ್ಟ್ಯಾಂಡಿನ ಹೋಟೆಲಿನ ಕಾಫಿಗೆ ಹಾಲು ಬರುವುದು ಇಂಥ ಕೊಟ್ಟಿಗೆಗಳಿಂದಲೇ. ಡೈರಿ ಬಟವಾಡೆಯಾದ ದಿನ ಬಟ್ಟೆ ಅಂಗಡಿ, ದಿನಸಿ ಅಂಗಡಿಯ ಮುಂದೆ ನಿಲ್ಲುವವರೂ ಇದೇ ಹೆಂಗಸರು. ಹಸು ಮಾರಿದ ಮನೆಯವರು ಪೇಟೆಗೆ ಬರುವುದು ಕಡಿಮೆಯಾಗುತ್ತದೆ.

2023ರ ಬರ ಇದನ್ನೆಲ್ಲ ಎತ್ತಿ ತೋರಿಸಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಮೇವು ಹೊರರಾಜ್ಯಕ್ಕೆ ಹೋಗಬಾರದೆಂದು ನಿರ್ಬಂಧ ಬಂತು. ಇತ್ತ ನಮ್ಮ ದನಕ್ಕೆ ಹುಲ್ಲು ಬೇಕು. ಅತ್ತ ನಮ್ಮ ಹುಲ್ಲನ್ನೇ ನಂಬಿದ್ದ ವಯನಾಡಿನ ಹೈನುಗಾರರೂ ಪರದಾಡಿದರು. ಅವರೂ ಎರಡು ಹಸು ಕಟ್ಟಿದ ಬಡವರೇ. ಬರ ಬಂದ ಮೇಲೆ ಚೆಕ್‌ಪೋಸ್ಟಿನಲ್ಲಿ ಲಾರಿ ತಡೆಯುವುದು ಕೊನೆಯ ಮದ್ದು. ಸುಗ್ಗಿಯಲ್ಲಿ ಊರಿಗೆ ಬೇಕಾದ್ದನ್ನು ಊರಲ್ಲಿ ಉಳಿಸಿಕೊಳ್ಳುವುದು ಮೊದಲ ಮದ್ದು.

ಹುಲ್ಲಿನ ಜೊತೆ ಹೋಗುವ ಗೊಬ್ಬರ

ಮಾರುವವರೂ ಒಂದು ಮಾತು ಮನಸ್ಸಿಗೆ ತಂದುಕೊಳ್ಳಬೇಕು. ಭತ್ತದ ಹುಲ್ಲಿನ ಒಂದು ಟನ್ನಿನಲ್ಲಿ 5ರಿಂದ 8 ಕಿಲೋ ಸಾರಜನಕ, 14ರಿಂದ 20 ಕಿಲೋ ಪೊಟ್ಯಾಷ್ ಇರುತ್ತದೆ ಎಂದು ಕೃಷಿ ವಿಜ್ಞಾನಿಗಳ ಲೆಕ್ಕ. ಹುಲ್ಲು ಊರ ದನ ತಿಂದರೆ ಅದು ತಿಪ್ಪೆಗೆ ಬಂದು ಗದ್ದೆಗೆ ಮರಳುತ್ತದೆ. ಲಾರಿ ಹತ್ತಿದರೆ ಅದೂ ಲಾರಿ ಹತ್ತುತ್ತದೆ. ವರ್ಷ ವರ್ಷ ಬುಡದವರೆಗೂ ಬಾಚಿ ಮಾರಿ, ಆಮೇಲೆ ಅಂಗಡಿಯಲ್ಲಿ ಪೊಟ್ಯಾಷ್ ಚೀಲಕ್ಕೆ ಸಾಲಿನಲ್ಲಿ ನಿಲ್ಲುವವನು, ತನ್ನದನ್ನೇ ಮಾರಿ ತಾನೇ ಕೊಂಡ ಹಾಗಾಯಿತು. ಹಾಗೆಂದು ಸುಡುವುದು ಉತ್ತಮವಲ್ಲ. ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ, ದಾರಿಹೋಕರ ಕಣ್ಣು ಉರಿಯುವುದು ಬೇರೆ.

ಕೊಂಡವರಿಗೂ ಒಂದು ಉಪಾಯ ಹೇಳಬೇಕು. ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆಯೇ ಹೊರತು ಅದರಲ್ಲಿ ಸತ್ವ ಕಡಿಮೆ. ರಾಗಿ ಹುಲ್ಲೇ ಮೇಲು ಎಂದು ನಾಗಮಂಗಲದ ಕಡೆಯವರು ಹೇಳುವುದು ಸುಳ್ಳಲ್ಲ. ರೋಲು ಬಿಡಿಸಿ 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರು ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಹುಲ್ಲು ಮೆದುವಾಗಿ ಪುಷ್ಟಿ ಏರುತ್ತದೆ. ತೆಗೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರಡಿ ತಿನ್ನಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಯೂರಿಯಾ ಚೀಲ, ಕರಗಿಸಿದ ನೀರು ದನದ ಬಾಯಿಗೆ ಸಿಗದಂತೆ ಇಡಬೇಕು. ಅದು ನೇರ ಹೊಟ್ಟೆಗೆ ಹೋದರೆ ವಿಷ. ಮೊದಲ ಸಲ ಮಾಡುವವರು ಪಶುವೈದ್ಯರನ್ನು ಕೇಳಿ ಮಾಡುವುದು ಲೇಸು.

ಮೂರು ಎಚ್ಚರಿಕೆ

ಒಂದು: ಪಿ.ಟಿ.ಒ. ದಂಡ ನಿಮಿಷಕ್ಕೆ 540 ಎಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ತುದಿಯೋ, ಹೆಗಲ ಟವಲ್ಲೋ, ಸೆರಗೋ ಸಿಕ್ಕಿದರೆ ‘ಅಯ್ಯೋ’ ಎನ್ನುವ ಮೊದಲೇ ಒಂಬತ್ತು ಸುತ್ತು ಆಗಿರುತ್ತದೆ. ದಂಡದ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಗಾಡಿ ಹೊರಡಿಸಬಾರದು. ಹುಲ್ಲು ಸಿಕ್ಕಿಕೊಂಡಾಗ ಎಂಜಿನ್ ನಿಲ್ಲಿಸಿ, ಕೀಲಿ ಕೈ ಜೇಬಿಗೆ ಹಾಕಿಕೊಂಡ ಮೇಲೆಯೇ ಕೈ ಹಾಕಬೇಕು. ಕಾಲಿನಿಂದ ಹುಲ್ಲು ತಳ್ಳುವುದಂತೂ ಕೂಡದು.

ಎರಡು: ಹುಲ್ಲು ಹೇರಿದ ಲಾರಿ, ಟ್ರ್ಯಾಕ್ಟರು ಜೋತುಬಿದ್ದ ಕರೆಂಟು ತಂತಿಗೆ ತಗುಲಿ ಹೊತ್ತಿ ಉರಿಯುವ ಸುದ್ದಿ ಈ ಪುಟದಲ್ಲಿಯೇ ಎಷ್ಟು ಸಲ ಬಂದಿಲ್ಲ? ಹೇರುವಾಗ ಎತ್ತರ ನೋಡಿಕೊಳ್ಳಬೇಕು. ಊರೊಳಗಿನ ದಾರಿಯಲ್ಲಿ ಒಬ್ಬ ಮುಂದೆ ನಡೆದು ತಂತಿ ನೋಡಬೇಕು. ಜೋತ ತಂತಿಯನ್ನು ಸುಗ್ಗಿಗೆ ಮೊದಲೇ ಬಿಗಿಗೊಳಿಸುವುದು ಸಂಬಂಧಪಟ್ಟವರ ಕೆಲಸ. ಹಾಗೆಯೇ ರಸ್ತೆಯ ಮೇಲೆ ಹುರುಳಿ, ರಾಗಿ ಹರವಿ ವಾಹನದಿಂದ ತುಳಿಸುವ ಪದ್ಧತಿಯೂ ನಿಲ್ಲಬೇಕು. ಹುಲ್ಲು ಕಾರಿನ ಅಡಿಗೆ ಸುತ್ತಿಕೊಂಡು, ಕಾದು, ಬೆಂಕಿ ಹಿಡಿದದ್ದುಂಟು.

ಮೂರು: ದಾರ. ರೋಲಿಗೆ ಸುತ್ತುವುದು ಎಷ್ಟೋ ಕಡೆ ಪ್ಲಾಸ್ಟಿಕ್ ದಾರ. ಅದನ್ನು ಬಿಡಿಸದೆ ಹಾಗೇ ಮುಂದೆ ಹಾಕಿದರೆ ದನ ಹುಲ್ಲಿನ ಜೊತೆ ನುಂಗುತ್ತದೆ. ಅದು ಕರಗುವುದಿಲ್ಲ, ಹೊಟ್ಟೆಯಲ್ಲಿ ಉಂಡೆಯಾಗುತ್ತದೆ. ಗದ್ದೆಯ ಬೇಲಿಯ ತಂತಿ ತುಂಡು, ಮೊಳೆ ಹುಲ್ಲಿನೊಡನೆ ಒಳಗೆ ಸುತ್ತಿಕೊಂಡಿದ್ದರೆ ಇನ್ನೂ ಕೇಡು. ಅದು ಹೊಟ್ಟೆಯ ಗೋಡೆ ಚುಚ್ಚಿ ಎದೆಯವರೆಗೂ ಹೋಗಬಲ್ಲದು. ದಾರವನ್ನು ಕತ್ತರಿಸಿ, ಎಣಿಸಿ, ಗೂಟಕ್ಕೆ ಸಿಕ್ಕಿಸಿಡಿ. ಹಗ್ಗ ಹೊಸೆಯಲು ಬಂದೀತು.

ಏನು ಮಾಡಬಹುದು?

ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಅದು ಬಾರದಿದ್ದರೆ ಹುಲ್ಲು ಬೂದಿಯಾಗುತ್ತಿತ್ತು. ಯಂತ್ರ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. ಊರೂರಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ನಾಲ್ಕೈದು ಊರಿನ ಸಂಘಗಳು ಕೂಡಿ ಒಂದು ಬೇಲರು ಇಟ್ಟುಕೊಂಡರೆ, ಸುಗ್ಗಿಯಲ್ಲಿ ಗದ್ದೆಯವರಿಗೆ ಲಾರಿಯವರ ದರವನ್ನೇ ಕೊಟ್ಟು ಹುಲ್ಲು ಕೊಂಡು, ಸೂರಿನಡಿ ಜೋಡಿಸಿ, ಹಾಲಿನ ಬಟವಾಡೆಯಲ್ಲಿ ತಿಂಗಳು ತಿಂಗಳು ಮುರಿದುಕೊಂಡರೆ ಆ ಬದುವಿನ ಅವ್ವನಿಗೂ ಸುಗ್ಗಿಯ ಬೆಲೆಯಲ್ಲೇ ಹುಲ್ಲು ಸಿಕ್ಕೀತು. ಗದ್ದೆಯವರಿಗೂ ನಷ್ಟವಿಲ್ಲ. ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಯೋಜನೆ 2014-15ರಲ್ಲೇ ಆರಂಭವಾದದ್ದು. ಸುಗ್ಗಿಗೆ ಮೊದಲೇ ಸರದಿ ಪಟ್ಟಿ ಬರೆದು, ಅರ್ಧ ಎಕರೆಯವರ ಗದ್ದೆಗಳನ್ನು ಒಂದೇ ಬಯಲಿನಲ್ಲಿ ಒಟ್ಟು ಮಾಡಿ ಒಂದೇ ದಿನ ಗೊತ್ತು ಮಾಡಿದರೆ, ಸಣ್ಣವರ ಸರದಿ ಕೊನೆಗೆ ಬೀಳುವುದು ತಪ್ಪುತ್ತದೆ. ಊರಿನ ಹಿರಿಯರು ಒಂದು ಸಂಜೆ ಅರಳಿಕಟ್ಟೆಯ ಮೇಲೆ ಕೂತರೆ ಆಗುವ ಕೆಲಸ ಇದು.

ನಾವು ಹಿಂದಿರುಗುವಾಗ ಹೊತ್ತು ಇಳಿದಿತ್ತು. ಗದ್ದೆಯಲ್ಲಿ ಲಾರಿ ತುಂಬುತ್ತಿತ್ತು. ಇನ್ನೇನು ಸಂಕ್ರಾಂತಿ. ಎಳ್ಳು ಬೀರಿದ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬೀದಿಗೆ ಹುಲ್ಲು ಹಾಸಿ ಕಿಚ್ಚು ಹಾಯಿಸುವುದು ನಮ್ಮ ಕಡೆಯ ಸಂಪ್ರದಾಯ. ಆ ಕಿಚ್ಚಿಗೆ ಮನೆಮನೆಯಿಂದ ಒಂದು ಕಂತೆ ಹುಲ್ಲು ತರುತ್ತಿದ್ದರು. ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಊರ ಹುಡುಗರಿಬ್ಬರು ಮಾತಾಡಿಕೊಳ್ಳುತ್ತಿದ್ದರು: “ಈ ಸಲ ಕಿಚ್ಚಿಗೆ ಎಷ್ಟ್ ರೋಲ್ ಬೇಕ್ಲಾ?” “ಮೊದ್ಲು ಚಂದಾ ಎತ್ತನ ನಡಿ.”

ಅಷ್ಟರಲ್ಲಿ ಬದುವಿನ ಅವ್ವ ಕೂಳೆಯ ಹೊರೆ ಹೊತ್ತು ನಮ್ಮ ಮುಂದೆಯೇ ಹಾದು ಹೋದರು. ಡೈರಿಗೆ ಹಾಲು ಹಾಕುವ ಹೊತ್ತಾಗಿತ್ತು, ನಿಂತು ಮಾತಾಡಲು ಪುರಸೊತ್ತಿರಲಿಲ್ಲ.